ಗ್ಲಾಸು ಏರಿಸಿದ ಗಾಡಿ

ಸವದತ್ತಿಯ ಆಚೆ ಒಂದು ಕಲ್ಲುಗುಡ್ಡವಿದೆ. ಬೇಸಿಗೆಯಲ್ಲಿ ಅದರ ಮೇಲೆ ಆಡು ಸಹ ಹತ್ತುವುದಿಲ್ಲ. ಬಡಿದು ಹತ್ತಿಸಿದರೆ ತಿರುಗಿ ಕುರುಬನನ್ನೇ ಗುದ್ದುತ್ತದೆ. ಅಂಥ ಗುಡ್ಡದ ನೆತ್ತಿಯ ಮೇಲೆ ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ ಯಾರೋ ಪುಣ್ಯಾತ್ಮರು ರೆಸಾರ್ಟು ಕಟ್ಟಿಸಿದರು. ಹುಲ್ಲಿನ ಚಪ್ಪರ, ಮಣ್ಣಿನ ಗೋಡೆ, ಲಾಟೀನು, ಬಾಗಿಲ ಬಳಿ ಬೀಸುವ ಕಲ್ಲು. ನಮ್ಮ ಮಂದಿ ಇಂಥ ಮನೆಗಳನ್ನು ಕೆಡವಿ ಸ್ಲ್ಯಾಬು ಹಾಕಿಸಲು ಸಾಲಕ್ಕಾಗಿ ಸೊಸೈಟಿಯ ಬಾಗಿಲು ಕಾಯುತ್ತಿದ್ದ ಕಾಲದಲ್ಲಿ, ಮುಂಬಯಿಯ ಸಾಹೇಬರು ಇವುಗಳಲ್ಲಿ ಮಲಗಲು ವಿಮಾನ ಹತ್ತಿ ಬರತೊಡಗಿದರು. ಇಬ್ಬರಲ್ಲಿ ಹುಚ್ಚರು ಯಾರು ಎಂದು ನನ್ನನ್ನು ಕೇಳಬೇಡಿ. ಈ ಕಥೆಗೆ ಬೇಕಾದ ಹುಚ್ಚ ಬೇರೆಯೇ ಇದ್ದಾನೆ.

ಅವನು ಮುರಗೋಡದ ಅಮೋಘಸಿದ್ದಪ್ಪ. ಬಹಳ ವರ್ಷ ಸವದತ್ತಿ–ಬೈಲಹೊಂಗಲ ದಾರಿಯಲ್ಲಿ ಟ್ರ್ಯಾಕ್ಸ್ ಜೀಪು ಓಡಿಸಿದವನು. ಟ್ರ್ಯಾಕ್ಸಿನ ಧರ್ಮ ಒಂದೇ: ದಾರಿಯಲ್ಲಿ ಕೈ ಮಾಡಿದವರನ್ನು ಬಿಟ್ಟು ಹೋಗಬಾರದು. ಒಳಗೆ ಜಾಗ ಮುಗಿದರೆ ಟಾಪಿನ ಮೇಲೆ, ಟಾಪು ಮುಗಿದರೆ ಹಿಂದಿನ ಏಣಿಯ ಮೇಲೆ, ಅದೂ ಮುಗಿದರೆ ಡ್ರೈವರನ ಸೀಟಿನಲ್ಲಿ. ಒಂದು ಸಲವಂತೂ ಅಮೋಘಸಿದ್ದಪ್ಪ ಬಾಗಿಲಿಗೆ ಜೋತುಬಿದ್ದು ಸ್ಟೇರಿಂಗು ತಿರುಗಿಸಿದರೆ, ಗೇರನ್ನು ಕನ್ನಡ ಸಾಲಿಯ ಮಾಸ್ತರರು ಹಾಕುತ್ತ ಬಂದಿದ್ದರು. ಮಾಸ್ತರರು ಇಳಿಯುವಾಗ ಚಾರ್ಜು ಕೊಡಲಿಲ್ಲ. ಅರ್ಧ ಗಾಡಿ ಓಡಿಸಿದವನು ನಾನೇ ಎಂದರು.

ಇಂಥ ಅಮೋಘಸಿದ್ದಪ್ಪನಿಗೆ ಒಮ್ಮೆಲೇ ದೊಡ್ಡವನಾಗುವ ಹುಕಿ ಬಂತು. ಟ್ರ್ಯಾಕ್ಸನ್ನು ಹೆಂಡತಿಯ ತಮ್ಮ ಮಾಂತೇಶನಿಗೆ ಮಾರಿ, ಎಸಿ ಇದ್ದ ಬಿಳಿ ಬಣ್ಣದ ಹಳೆಯ ಕ್ವಾಲಿಸ್ ಕೊಂಡ. ರೆಸಾರ್ಟಿನ ಸಾಹೇಬರನ್ನು ಬೆಳಗಾವಿಯ ವಿಮಾನ ನಿಲ್ದಾಣಕ್ಕೆ ಮುಟ್ಟಿಸುವ ಕೆಲಸ ತನಗೇ ಬರುತ್ತದೆಂದು ಅಗಸಿಯ ಕಟ್ಟೆಯ ಮೇಲೆ ಕುಳಿತು ಸಾರಿದ.

"ಇನ್ನ ಮ್ಯಾಲ ನಾ ಕುರಿ ತುಂಬಿದಂಗ ಮಂದಿ ತುಂಬೂದಿಲ್ಲ. ನಂದು ಖಾಸಗಿ ಗಾಡಿ. ಒಬ್ಬವ್ರನ್ನ ಒಯ್ಯತೇನಿ. ಒಬ್ಬವ್ರಂದ್ರ ಒಬ್ಬವ್ರನ್ನ!"

"ಒಬ್ಬನ್ನ ಒಯ್ಯಾಕ ಅಷ್ಟ ದೊಡ್ಡ ಗಾಡಿ ಯಾಕೋ?" ಎಂದ ಕಟ್ಟೆಯ ಮೇಲಿನ ಒಬ್ಬ ಮುದುಕ. "ಸೀಟ ಖಾಲಿ ಇಟಗೊಂಡು, ಗ್ಲಾಸ ಏರಿಸಿಕೊಂಡು, ಕೈ ಮಾಡಿದ್ರೂ ನಿಂದರದ ಹೋಗೂ ಗಾಡಿ ನಮ್ಮ ಸೀಮ್ಯಾಗ ಒಂದ ನೋಡಪಾ. ದವಾಖಾನಿಯಿಂದ ಹೆಣಾ ತರೂ ಗಾಡಿ."

"ನಿನ್ನ ತರೂ ಮುಂದ ನೋಡೂಣಂತ," ಎಂದು ಅಮೋಘಸಿದ್ದಪ್ಪ ಎದ್ದು ಹೋದ.

ಆದರೆ ಕೆಲಸ ಇನ್ನೂ ಕೈಗೆ ಬಂದಿರಲಿಲ್ಲ. ಒಂದು ಟ್ರಿಪ್ಪು ಮಾಡಿ ತೋರಿಸಬೇಕಾಗಿತ್ತು. ಸಾಹೇಬರು ಸುಖವಾಗಿ, ವೇಳೆಗೆ ಸರಿಯಾಗಿ ವಿಮಾನ ಹತ್ತಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಕ್ವಾಲಿಸ್ ಮಾರಿ ಮತ್ತೆ ಟ್ರ್ಯಾಕ್ಸ್ ಓಡಿಸಬೇಕು. ಅದೂ ತನ್ನದೇ ಟ್ರ್ಯಾಕ್ಸನ್ನು, ಮಾಂತೇಶನ ಆಳಾಗಿ. ಮಾಂತೇಶ ಈಗಾಗಲೇ ಎರಡು ಸಲ, "ಮಾಮಾ, ಕ್ಲಚ್ಚು ಬಿಗಿ ಆಗೇತಿ, ನೀವ ಬಂದ ಹೊಡದ್ರ ಬರೋಬ್ಬರಿ ಆಕ್ಕೇತಿ," ಎಂದು ಹಲ್ಲು ಕಿರಿದು ಹೋಗಿದ್ದ. ಆ ಹಲ್ಲುಗಳು ಅಮೋಘಸಿದ್ದಪ್ಪನ ಕನಸಿನಲ್ಲಿ ಬರುತ್ತಿದ್ದವು.

ಟ್ರಿಪ್ಪಿನ ದಿನ ಮುಂಜಾನೆ ಹೊರಟಾಗ ಹೆಂಡತಿ ರಾಯವ್ವ ಗಾಡಿಗೆ ಅಡ್ಡ ನಿಂತಳು.

"ಬರೂ ಮುಂದ ಸವದತ್ತ್ಯಾಗ ಅಪ್ಪನ್ನ ಹತ್ತಿಸಿಕೊಂಡು ಬರ್ರಿ. ಕಣ್ಣಿನ ಕ್ಯಾಂಪಿನವ್ರು ಇವತ್ತ ಬಿಡ್ತಾರಂತ."

ಅವಳ ಅಪ್ಪ ನಿಜಗುಣಪ್ಪ ಅಮೋಘಸಿದ್ದಪ್ಪನಿಗೆ ಬರೀ ಮಾವನಲ್ಲ. ತಾಯಿಯ ತಮ್ಮ, ಸೋದರಮಾವ. ಎರಡು ಕಡೆಯಿಂದ ಬೈಯುವ ಹಕ್ಕಿದ್ದ ಮನುಷ್ಯ, ಎರಡನ್ನೂ ಬಿಡದೆ ವಸೂಲು ಮಾಡುತ್ತಿದ್ದ. ಅವನನ್ನು ಹತ್ತಿಸಿಕೊಂಡರೆ ಖಾಸಗಿ ಗಾಡಿ ಎಲ್ಲಿ ಉಳಿಯಿತು? ಆದರೆ ಇದನ್ನು ರಾಯವ್ವನಿಗೆ ಹೇಳುವ ಗಂಡಸು ಮುರಗೋಡದಲ್ಲಿ ಇನ್ನೂ ಹುಟ್ಟಿರಲಿಲ್ಲ. ಅಮೋಘಸಿದ್ದಪ್ಪ "ಹೂಂ" ಎಂದು ಗಾಡಿ ಬಿಟ್ಟ.

ಗುಡ್ಡದ ಮೇಲೆ ಮ್ಯಾನೇಜರು ಕಾಯುತ್ತಿದ್ದರು. ಮೈಸೂರು ಕಡೆಯವರು, ಬೈಯುವಾಗಲೂ 'ದಯವಿಟ್ಟು' ಎನ್ನುವ ಮಂದಿ.

"ನೋಡಿ ಅಮೋಘಸಿದ್ದಪ್ಪನವರೇ, ಶಹಾ ಸಾಹೇಬರಿಗೆ ಗಾಡಿಯಲ್ಲಿ ಕೂತರೆ ವಾಂತಿ ಬರುತ್ತೆ. ಮಾತ್ರೆ ತಗೊಂಡಿದಾರೆ, ದಾರಿಯುದ್ದಕ್ಕೂ ನಿದ್ದೆ ಮಾಡ್ತಾರೆ. ದಯವಿಟ್ಟು ಗ್ಲಾಸ್ ಇಳಿಸಬೇಡಿ, ಎಸಿ ಜೋರಾಗಿರಲಿ. ಹಾರ್ನ್ ಹೊಡೀಬೇಡಿ. ನಿಧಾನ ಹೋಗಿ. ಮಾತಾಡಿಸಬೇಡಿ. ಮುಖ್ಯವಾಗಿ, ಇನ್ನೊಬ್ಬರನ್ನ ಹತ್ತಿಸಬೇಡಿ. ಯಾರನ್ನೂ."

"ನನ್ನ ಹೆಣ್ತಿ ಕೈ ಮಾಡಿದ್ರೂ ಹತ್ತಸೂದಿಲ್ರೀ," ಎಂದ ಅಮೋಘಸಿದ್ದಪ್ಪ. ಇಂಥ ಮಾತನ್ನು ಮನುಷ್ಯ ಯೋಚಿಸಿ ಆಡಬೇಕು.

ಆಮೇಲೆ ಸಾಹೇಬರಿಗೆ ಬೀಳ್ಕೊಡುಗೆ ನಡೆಯಿತು. ಬಂದವರನ್ನು ಈ ಕಡೆಯ ಪದ್ಧತಿಯಂತೆ ಕಳಿಸುವುದು ರೆಸಾರ್ಟಿನ ನಿಯಮವಂತೆ. ಯಾವ ಕಡೆಯ ಪದ್ಧತಿಯೋ, ಯಾರನ್ನು ಕೇಳಿ ಮಾಡಿದರೋ! ಹಣೆಯ ತುಂಬ ಮೂರು ಬೆರಳಿನ ವಿಭೂತಿ ಬಳಿದರು. ಕೊರಳಿಗೆ ಮೊಳಗಾತ್ರದ ಚೆಂಡುಹೂವಿನ ಮಾಲೆ ಹಾಕಿದರು. ಮೈಗೆ ಬಿಳಿಯ ಶಾಲು ಹೊದಿಸಿದರು. ಎಪ್ಪತ್ತರ ಆಸುಪಾಸಿನ ಸಾಹೇಬರು ಎಲ್ಲರಿಗೂ ಕೈಮುಗಿದು, ಹಿಂದಿನ ಸೀಟಿನ ನಟ್ಟನಡುವೆ ಕುಳಿತರು. ಕತ್ತು ಹೊರಳಬಾರದೆಂದು ಕೊರಳಿಗೆ ಮೆತ್ತನೆಯ ದಿಂಬು ಸುತ್ತಿಕೊಂಡರು. ಬೆಳಕು ಬೀಳಬಾರದೆಂದು ಕಣ್ಣಿಗೆ ಬಟ್ಟೆಯ ಪಟ್ಟಿ ಕಟ್ಟಿಕೊಂಡು, ನೆಟ್ಟಗೆ ಕುಳಿತಲ್ಲೇ ನಿದ್ದೆ ಹೋದರು.

ನಮ್ಮ ಕಡೆ ಲಿಂಗವಂತರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಮಾಲೆ ಹಾಕಿ, ಬಿಳಿ ಹೊದಿಸಿ, ನೆಟ್ಟಗೆ ಕುಂಡ್ರಿಸುತ್ತಾರೆ. ಇದು ಮ್ಯಾನೇಜರಿಗೆ ಗೊತ್ತಿರಲಿಲ್ಲ. ಅಮೋಘಸಿದ್ದಪ್ಪನಿಗೆ ಗೊತ್ತಿತ್ತು. ಆದರೆ ಹೊಸ ಕೆಲಸದ ಖುಷಿಯಲ್ಲಿ ಕನ್ನಡಿಯಲ್ಲಿ ತನ್ನ ಮೀಸೆ ಮಾತ್ರ ನೋಡಿಕೊಂಡ. ಹಿಂದೆ ಕುಳಿತವರನ್ನು ನೋಡಲಿಲ್ಲ.

ಬೆಳಗಾವಿಗೆ ನೇರ ದಾರಿ ಬೇರೆ ಇತ್ತು. ಅಮೋಘಸಿದ್ದಪ್ಪ ಅದನ್ನು ಬಿಟ್ಟು ಮುರಗೋಡದ ದಾರಿ ಹಿಡಿದ. ಖಾಸಗಿ ಗಾಡಿಯಲ್ಲಿ ಮುಂಬಯಿಯ ಸಾಹೇಬರನ್ನು ಒಯ್ಯುವುದನ್ನು ಸ್ವಂತ ಊರು ನೋಡದಿದ್ದರೆ, ಒಯ್ದೂ ಏನು ಉಪಯೋಗ?

ಸವದತ್ತಿಯಲ್ಲಿ ಕಣ್ಣಿನ ಕ್ಯಾಂಪಿನ ಮುಂದೆ ನಿಜಗುಣಪ್ಪ ನಿಂತಿದ್ದ. ಒಂದು ಕಣ್ಣಿಗೆ ಹಸಿರು ಬಟ್ಟೆ, ಬಗಲಲ್ಲಿ ಕೈಚೀಲ. ಉಳಿದೊಂದು ಕಣ್ಣಿನಲ್ಲೇ ಅಳಿಯನ ಗಾಡಿಯನ್ನು ದೂರದಿಂದ ಗುರುತಿಸಿ ಕೈ ಎತ್ತಿದ. ಅಮೋಘಸಿದ್ದಪ್ಪನ ಬಲಗಾಲು ಹಳೆಯ ರೂಢಿಯಂತೆ ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಅವನು ಎಡಗಾಲಿನಿಂದ ಬಲಗಾಲನ್ನು ಒದ್ದು ಹಿಂದೆ ಸರಿಸಿದ. ಗಾಡಿ ಮುಂದೆ ಹೋಯಿತು. ಗ್ಲಾಸು ಏರಿಸಿದ್ದರಿಂದ ಮಾವ ಏನಂದನೆಂದು ಕೇಳಿಸಲಿಲ್ಲ. ತುಟಿ ಬಹಳ ಹೊತ್ತು ಅಲ್ಲಾಡುತ್ತಿದ್ದದ್ದು ಮಾತ್ರ ಕನ್ನಡಿಯಲ್ಲಿ ಕಂಡಿತು. ಅಷ್ಟು ಎಸಿಯಲ್ಲೂ ಅಮೋಘಸಿದ್ದಪ್ಪನಿಗೆ ಬೆವರು ಕಿತ್ತುಬಂತು. ಟವೆಲ್ಲಿನಿಂದ ಮುಖ ಒರೆಸಿಕೊಳ್ಳತೊಡಗಿದ.

ಮುಖ ಒರೆಸಿಕೊಳ್ಳುತ್ತಿರುವಾಗಲೇ ಊರ ಹೊರಗಿನ ಪೆಟ್ರೋಲ್ ಪಂಪಿನ ಮುಂದೆ ಇನ್ನೊಂದು ಕೈ ಎದ್ದಿತು. ಅದು ಮಗಳು ಗಂಗಾಳ ಅತ್ತೆ, ಅವನ ಬೀಗತಿ ಶೆಟ್ಟೆವ್ವನ ಕೈ. ಬೀಗತಿಯ ಕೈಯನ್ನು ಬಿಟ್ಟು ಹೋಗುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಅಮೋಘಸಿದ್ದಪ್ಪ ಕಣ್ಣು ಮುಚ್ಚಿಕೊಂಡು ಗಾಡಿ ಬಿಟ್ಟ.

ಶೆಟ್ಟೆವ್ವ ರಸ್ತೆಯ ಮೇಲೆ ಕೈ ಎತ್ತಿದ ಹಾಗೆಯೇ ನಿಂತಳು. ಅವಳು ಕಂಡದ್ದಿಷ್ಟು: ಬೀಗರು ಟವೆಲ್ಲಿನಿಂದ ಮುಖ ಒರೆಸುತ್ತಿದ್ದಾರೆ. ಗ್ಲಾಸು ಏರಿಸಿದ್ದಾರೆ. ಗಾಡಿ ಇರುವೆ ಹೋದಂತೆ ಹೋಗುತ್ತಿದೆ. ಒಳಗೆ ಒಬ್ಬ ಮುದುಕ, ವಿಭೂತಿ, ಮಾಲೆ, ಬಿಳಿ ಶಾಲು, ಕಣ್ಣಿಗೆ ಪಟ್ಟಿ. ಇಡೀ ಗಾಡಿ ಖಾಲಿ, ಆದರೂ ಬೀಗತಿಗೆ ನಿಲ್ಲಿಸಲಿಲ್ಲ.

"ಯವ್ವಾ! ಕಣ್ಣ ತಗಸಾಕ ಹ್ವಾದಾವ್ರು ಜೀವಾನ ಬಿಟ್ರಲ್ಲೋ!" ಎಂದು ಎದೆ ಬಡಿದುಕೊಂಡು, ಪಂಪಿನ ಪಕ್ಕದ ಕಾಯಿನ್ ಬಾಕ್ಸಿಗೆ ಓಡಿ, ಮುರಗೋಡದ ಕಿರಾಣಿ ಅಂಗಡಿಗೆ ಫೋನು ಹಚ್ಚಿದಳು.

"ಸವದತ್ತಿ ಶೆಟ್ಟೆವ್ವ ಮಾತಾಡ್ತೇನ್ರೀ. ರಾಯವ್ವಗ ಹೇಳ್ರಿ, ಎದಿ ಗಟ್ಟಿ ಮಾಡ್ಕೊ ಅಂತ."

"ಯಾಕ್ರೀ, ಏನಾತ್ರೀ?"

"ಅಪ್ಪನ್ನ ಕರಕೊಂಡು ಬೀಗರ ಗಾಡಿ ಬರಾಕ ಹತ್ತೇತಿ. ಗ್ಲಾಸ ಏರಿಸ್ಯಾರ. ನಾ ಕೈ ಮಾಡಿದ್ನಿ. ನಿಲ್ಲಸಲಿಲ್ರೀ…"

ಅಂಗಡಿಯವನು ಮುಂದೆ ಕೇಳಲಿಲ್ಲ. ಅಷ್ಟು ಸಾಕಾಗಿತ್ತು. ಅವನು ಫೋನಿಟ್ಟು, ಅಂಗಡಿಯ ಅರ್ಧ ಬಾಗಿಲು ಹಾಕಿದ. ಮುರಗೋಡದಲ್ಲಿ ಅರ್ಧ ಬಾಗಿಲು ಹಾಕಿದರೆ ಬಾಯಿ ಬಿಟ್ಟು ಹೇಳುವ ಜರೂರಿಲ್ಲ.

ಗಾಡಿ ಮುರಗೋಡದ ಹತ್ತಿರ ಬಂದಾಗ ಅಮೋಘಸಿದ್ದಪ್ಪ ನೋಡುತ್ತಾನೆ: ರಸ್ತೆಯ ಎರಡೂ ಬದಿಗೆ ಮಂದಿ. ಹೊಲಕ್ಕೆ ಹೋದವರು ಬಂದಿದ್ದಾರೆ, ಸಾಲಿ ಬಿಟ್ಟಿದ್ದಾರೆ, ಹಿರಿಯರು ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದಾರೆ. ಊರಿಗೆ ಊರೇ ತನ್ನ ಖಾಸಗಿ ಗಾಡಿಯನ್ನು ನೋಡಲು ನಿಂತಿದೆ! ಕಟ್ಟೆಯ ಮೇಲೆ ಚೇಷ್ಟೆ ಮಾಡಿದ ಮುದುಕ ಸಹ ಕೈಮುಗಿದುಕೊಂಡು ನಿಂತಿದ್ದಾನೆ. ಅಮೋಘಸಿದ್ದಪ್ಪ ಮೀಸೆ ತಿರುವಿ, ಎಲ್ಲರಿಗೂ ಸರಿಯಾಗಿ ಕಾಣಲಿ ಎಂದು ಗಾಡಿಯನ್ನು ಇನ್ನೂ ನಿಧಾನ ಮಾಡಿದ. ಯಾರೋ ಬಂದು ಬಾನೆಟ್ಟಿನ ಮೇಲೆ ಮಾಲೆ ಹಾಕಿದರು. ಅವನು ಗಾಡಿಯೊಳಗಿಂದಲೇ ಬಾಗಿ ನಮಸ್ಕಾರ ಮಾಡಿದ. ಭಜನಿ ಮೇಳದವರು ತಾಳ ಹಿಡಿದು ಮುಂದೆ ಬಂದರು. 'ಇಷ್ಟೆಲ್ಲ ಯಾಕ ಮಾಡಾಕ ಹೋಗ್ಯಾರಪಾ' ಎಂದು ನಾಚಿಕೊಂಡ.

ಅಷ್ಟರಲ್ಲಿ ರಾಯವ್ವ ತಲೆಗೂದಲು ಬಿಚ್ಚಿಕೊಂಡು ಬಂದು ಬಾನೆಟ್ಟಿನ ಮೇಲೆ ಬಿದ್ದಳು.

"ಎಪ್ಪಾ! ನನ್ನ ಹುಲಿಯೇ! ನಿನ್ನೆ ಮಾತಾಡಿದವ ಇವತ್ತ ಮಾಲಿ ಹಾಕ್ಕೊಂಡು ಬಂದ್ಯಲ್ಲೋ! ಎಮ್ಮಿ ನಿನ್ನ ಬಿಟ್ಟ ಯಾರಿಗೂ ಹಾಲ ಕೊಡತಿದ್ದಿಲ್ಲಲ್ಲೋ ಎಪ್ಪಾ! ಈ ಖೋಡಿ ಗಂಡ ಒಂದ ಫೋನರ ಮಾಡಲಿಲ್ಲಲ್ಲೋ!"

ಅಮೋಘಸಿದ್ದಪ್ಪ ಬಾಗಿಲು ತೆರೆದು ಇಳಿದದ್ದೇ ತಪ್ಪಾಯಿತು. ಉಳಿದ ಬಾಗಿಲುಗಳನ್ನೂ ಜನ ತೆರೆದರು. ಸಾಹೇಬರ ಕಾಲು ಹಿಡಿದವರು ಒಬ್ಬರು, ಕೈ ಹಿಡಿದವರು ಒಬ್ಬರು.

"ಏ, ಕೈ ಬಿಡ್ರೋ! ಸಾಹೇಬ್ರು ಮಲಗ್ಯಾರ! ಮಾತಾಡಸಬ್ಯಾಡ್ರಿ!"

"ಹೌದಪಾ, ಮಲಗ್ಯಾರ," ಎಂದು ಒಬ್ಬ ಹಿರಿಯ ಅವನ ಬೆನ್ನು ಸವರಿದ. "ಪುಣ್ಯೇವಂತ್ರು. ನೀ ಸಮಾಧಾನ ಮಾಡ್ಕೊ."

"ಅಯ್ಯ, ಕಾಲ ನೋಡ್ರೇ, ಎಷ್ಟ ತಣ್ಣಗ ಆಗ್ಯಾವು!" ಎಂದಳೊಬ್ಬಳು. ಬೆಳಗಿನಿಂದ ಎಸಿ ಜೋರಾಗಿ ಬಡಿಯುತ್ತಿದ್ದ ಕಾಲುಗಳು ಇನ್ನೇನು ಬೆಚ್ಚಗಿರುತ್ತವೆಯೇ?

"ಮಾರಿ ಎಷ್ಟ ಬೆಳ್ಳಗಾಗೇತಿ ನೋಡು!"

"ಜೀವಾ ಹೋದ ಮ್ಯಾಲ ಹಂಗ ಆಕ್ಕೇತವಾ."

"ಮೀಸಿ ಎಲ್ಲಿ ಹೋದೂ?"

"ಆಪರೇಷನ್ ಮಾಡೂ ಮುಂದ ಬೋಳಿಸಿರಬೇಕು."

"ಕಣ್ಣಿನ ಆಪರೇಷನ್‌ಕ ಮೀಸಿ ಬೋಳಸ್ತಾರ?"

"ದೊಡ್ಡ ಡಾಕ್ಟರ್ ಬಂದಿದ್ರಂತ. ಅವ್ರು ಏನೂ ಬಿಡೂದಿಲ್ಲ."

ಅಮೋಘಸಿದ್ದಪ್ಪನ ತಲೆಗೆ ಈಗ ವಿಷಯ ಹತ್ತಿತು. ಹತ್ತಿದೊಡನೆ ಸಿಟ್ಟೂ ಹತ್ತಿತು. "ಇವ್ರು ನಿಮ್ಮಪ್ಪ ಅಲ್ಲಲೇ, ಮಳ್ಳಿ!" ಎಂದು ಹೆಂಡತಿಯ ಮೇಲೆ ಕೂಗಾಡಿದ. "ಮುಂಬಯಿ ಸಾಹೇಬ್ರು ಇವ್ರು! ವಿಮಾನದಾಗ ಮುಂಬಯಿಕ ಕಳಸಬೇಕು! ಬಿಡ್ರಿ, ವ್ಯಾಳ್ಯಾ ಆಗೇತಿ!"

ಜನ ರಾಯವ್ವನ ಕಡೆ ಹೊರಳಿದರು. ಆಮೇಲೆ ರಾಯವ್ವನ ದನಿ ಮೊದಲಿಗಿಂತ ಎರಡು ಪಟ್ಟು ಏರಿತು.

"ಕೇಳಿದ್ರೇ? ನಮ್ಮಪ್ಪನ ಹೆಣಾ ಮುಂಬಯಿಕ ಕಳಸ್ತಾನಂತ! ಊರಾಗ ಮಣ್ಣ ಮಾಡಾಕೂ ಕೊಡೂದಿಲ್ಲಂತ! ಯಾರಿಗೆ ಮಾರೀಯೋ ನನ್ನಪ್ಪನ್ನ?"

"ಪಾಪ, ದುಃಖದಾಗ ತಲಿ ತಿರಗೇತಿ," ಎಂದು ನಾಲ್ಕು ಜನ ಗಟ್ಟಿಗರು ಅಮೋಘಸಿದ್ದಪ್ಪನನ್ನು ಹಿಡಿದುಕೊಂಡರು. ಅವನು ಒದರಿದಷ್ಟೂ ಅವರ ಹಿಡಿತ ಬಿಗಿಯಾಯಿತು. ಒಬ್ಬ ಅವನ ತಲೆಯ ಮೇಲೆ ತಣ್ಣೀರು ಸುರಿದ. ವಿಮಾನದ ವೇಳೆ ಒಂದು ಕಡೆ ಓಡುತ್ತಿತ್ತು. ಮಾಂತೇಶನ ಹಲ್ಲುಗಳು ಇನ್ನೊಂದು ಕಡೆ ಹತ್ತಿರವಾಗುತ್ತಿದ್ದವು. ಅಂದ ಹಾಗೆ ಮಾಂತೇಶ ಅಲ್ಲಿರಲಿಲ್ಲ. ಅಪ್ಪನಿಗಾಗಿ ಬಿದಿರು ಕಡಿಯಲು ಹೋಗಿದ್ದ.

ಮಠದ ಅಯ್ಯನವರು ಬಂದರು. ಗಾಡಿಯ ಸುತ್ತ ನೀರು ಚಿಮುಕಿಸಿ ಗಂಟೆ ಬಾರಿಸಿದರು. ಭಜನಿ ಮೇಳದ ಹಿರಿಯ ಒಳ್ಳೆಯ ಜಾಗ ಹುಡುಕಿ, ಸಾಹೇಬರ ಕಿವಿಯ ಬಳಿಯೇ ನಿಂತು, ಎರಡೂ ತಾಳಗಳನ್ನು ಒಂದಕ್ಕೊಂದು ಹೊಡೆದ.

ವಾಂತಿಯ ಮಾತ್ರೆ ಎಷ್ಟೇ ಜಬರ್ದಸ್ತ್ ಇದ್ದರೂ ಮುರಗೋಡದ ತಾಳದ ಮುಂದೆ ನಿಲ್ಲಲಾರದು. ಸಾಹೇಬರು ಕುಳಿತಲ್ಲೇ ಮೊಳದೆತ್ತರ ಹಾರಿ, ಕಣ್ಣಿನ ಪಟ್ಟಿ ಕಿತ್ತೆಸೆದು, "ಕ್ಯಾ ಹುವಾ? ಕ್ಯಾ ಹುವಾ?" ಎಂದು ಕಿರುಚಿದರು.

ಆಮೇಲಿನದನ್ನು ಹೇಳಲು ನನಗೆ ನಗು ಬರುತ್ತದೆ. ಅಲ್ಲಿದ್ದವರಿಗೆ ಮಾತ್ರ ನಗು ಬರಲಿಲ್ಲ. ಭಜನಿಯ ಹಿರಿಯ ತಾಳದ ಸಮೇತ ಗಟಾರಕ್ಕೆ ಬಿದ್ದ. ಅಯ್ಯನವರು ಗಂಟೆ ಬಿಟ್ಟು ಓಡಿದರು. ಅಮೋಘಸಿದ್ದಪ್ಪನನ್ನು ಹಿಡಿದ ನಾಲ್ವರು ಗಟ್ಟಿಗರು ಅವನ ಬೆನ್ನ ಹಿಂದೆ ಅಡಗಿದರು. ಕಟ್ಟೆಯ ಮುದುಕ ಅಂಗಡಿಯ ಅರ್ಧ ಬಾಗಿಲಿನಲ್ಲಿ ನುಗ್ಗಿದ. ಒಳಗಿನಿಂದ ಅಂಗಡಿಯವನು ಅದನ್ನು ಪೂರ್ತಿ ಹಾಕಿದ. ರಾಯವ್ವ ಒಬ್ಬಳೇ ಅಲ್ಲಾಡದೆ ನಿಂತು, ಸಾಹೇಬರನ್ನು ಹತ್ತಿರದಿಂದ ದಿಟ್ಟಿಸಿ, "ಅಯ್ಯ, ಇಂವ ನಮ್ಮಪ್ಪ ಅಲ್ಲ," ಎಂದಳು. ಗಂಡ ಅರ್ಧ ತಾಸಿನಿಂದ ಅದನ್ನೇ ಒದರುತ್ತಿದ್ದ.

ಅದೇ ಹೊತ್ತಿಗೆ ಸವದತ್ತಿಯ ಬಸ್ಸು ಬಂದು ನಿಂತಿತು. ಶೆಟ್ಟೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಇಳಿದಳು. ಅವಳ ಹಿಂದೆ, ಅವಳಿಗಿಂತ ಜೋರಾಗಿ ಅಳುತ್ತ, ನಿಜಗುಣಪ್ಪ ಇಳಿದ.

ಆದದ್ದು ಇಷ್ಟು. ಶೆಟ್ಟೆವ್ವ ಮುಂದಿನ ಹೆಂಗಸರ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಬಸ್ಸಿಗೆಲ್ಲ ಕೇಳುವಂತೆ ಅತ್ತಿದ್ದಳು. ಮುರಗೋಡದಲ್ಲಿ ಯಾರೋ ಹಿರಿಯರು, ದೇವರಂಥ ಮನುಷ್ಯ, ಒಬ್ಬರಿಗೂ ಕೆಟ್ಟ ಬೈದವರಲ್ಲ ಎಂದು ಹಿಂದಿನ ಸೀಟಿನಲ್ಲಿದ್ದ ನಿಜಗುಣಪ್ಪನಿಗೆ ಕೇಳಿಸಿತ್ತು. ಇಷ್ಟು ಒಳ್ಳೆಯವರು ನಮ್ಮೂರಲ್ಲಿ ಯಾರಿದ್ದರಪ್ಪ ಎಂದು ತಿಳಿಯದಿದ್ದರೂ, ಅಂಥವರು ಹೋದರಲ್ಲ ಎಂದು ಅವನೂ ಅತ್ತಿದ್ದ. ಒಂದು ಕಣ್ಣು ಮುಚ್ಚಿದ್ದರಿಂದ ಇನ್ನೊಂದರಿಂದಲೇ ಎರಡರ ನೀರೂ ಸುರಿಯುತ್ತಿತ್ತು.

"ಯಾರಲೇ ಹೋದಾವ್ರು?" ಎಂದು ಬಸ್ಸಿಳಿದವನೇ ಕೇಳಿದ.

ಶೆಟ್ಟೆವ್ವ ಹೊರಳಿ ನೋಡಿದಳು. ನೋಡಿ, ಕೈಯಲ್ಲಿದ್ದ ಬುಟ್ಟಿಯನ್ನು ಜೋಪಾನವಾಗಿ ಕೆಳಗಿಟ್ಟು, ಅದರ ಪಕ್ಕದಲ್ಲಿ ಮೂರ್ಛೆ ಬಿದ್ದಳು.

ಇತ್ತ ಮಾಂತೇಶ ಹೆಗಲ ಮೇಲೆ ಬಿದಿರು ಹೊತ್ತು ಓಡಿ ಬಂದ. ಅಪ್ಪ ಎದುರಿಗೇ ನಿಂತಿದ್ದ.

"ಯಾರಿಗೋ ಅದು?"

"ನಿಮಗಪಾ," ಎಂದ ಮಾಂತೇಶ, ಬಾಯಿ ತಪ್ಪಿ.

ನಿಜಗುಣಪ್ಪ ಬಿದಿರನ್ನು ಉಗುರಿನಿಂದ ಕೆರೆದು ನೋಡಿದ. "ಹಸೀದ ತಂದೀಯಲ್ಲೋ ಬಾಡ್ಯಾ! ಹೆತ್ತಪ್ಪಗ ಒಣಗಿದ್ದ ಬಿದರ ಸಿಗಲಿಲ್ಲೇನ ನಿನಗ? ನಡದಾರ್‍ಯಾಗ ಬಾಗಿ ನನ್ನ ಕೆಳಗ ಕೆಡವಾಂವಿದ್ದಿ!"

ಅಮೋಘಸಿದ್ದಪ್ಪ ಸಾಹೇಬರ ಕಡೆ ಓಡಿದ. ಅವನಿಗೆ ಬರುತ್ತಿದ್ದ ಹಿಂದಿ ಟೋಲ್ ನಾಕಾದ ಮಟ್ಟಿನದು. ಹಿಂದಿ ಬಲ್ಲ ಅಂಗಡಿಯವನು ಬಾಗಿಲ ಸಂದಿಯಿಂದ ತಲೆ ಹೊರಹಾಕಿ ವಿವರಿಸಿದ: "ಸಾಬ್, ಆಪ್ ಮರ್ ಗಯೇ ಥೇ. ಅಬ್ ಠೀಕ್ ಹೈ."

ಸಾಹೇಬರು ತಮ್ಮ ಮಾಲೆ ನೋಡಿಕೊಂಡರು. ಹಣೆ ಮುಟ್ಟಿಕೊಂಡು ಬೆರಳಿಗೆ ಹತ್ತಿದ ವಿಭೂತಿ ನೋಡಿದರು. ಬಿದಿರು ನೋಡಿದರು. ಹಿಂದಿನ ಸೀಟಿನ ಮೂಲೆಗೆ ಮುದುಡಿಕೊಂಡರು.

"ನಡೀರಿ ಸಾಬ್, ಹೋಗೂಣು! ಇನ್ನೂ ವ್ಯಾಳ್ಯಾ ಐತಿ!" ಎಂದು ಅಮೋಘಸಿದ್ದಪ್ಪ ಸ್ಟೇರಿಂಗಿಗೆ ಹಾರಿದ. ಕೀಲಿ ತಿರುವಿದ. ಆಗ ರಾಯವ್ವ ಕಿಟಕಿಗೆ ಬಂದು ಮೆಲ್ಲಗೆ, "ರ್ರೀ, ಬೈಲಹೊಂಗಲಕ್ಕೂ ಫೋನ್ ಮಾಡೇವ್ರಿ," ಎಂದಳು.

"ಯಾರಿಗೆ?"

"ತಾಯವ್ವತ್ತಿಗೆ."

ಅಮೋಘ­ಸಿದ್ದಪ್ಪ ಹಣೆಯನ್ನು ಸ್ಟೇರಿಂಗಿಗೆ ಗುದ್ದಿಕೊಂಡ. ತಾಯವ್ವ ನಿಜಗುಣಪ್ಪನ ಹಿರಿಯಕ್ಕ, ಅಮೋಘಸಿದ್ದಪ್ಪನಿಗೆ ದೊಡ್ಡವ್ವ. ಅವಳು ಅಳಲು ಹೊರಟರೆ ಒಬ್ಬಳೇ ಹೊರಡುವವಳಲ್ಲ, ಓಣಿಯನ್ನು ಎಬ್ಬಿಸಿಕೊಂಡು ಹೊರಡುವವಳು. ಈಗಾಗಲೇ ಬಸ್ ಸ್ಟ್ಯಾಂಡಿನ ಮುಂದೆ ರಸ್ತೆಗೆ ಅಡ್ಡ ಕುಳಿತಿರುತ್ತಾಳೆ. ಗ್ಲಾಸು ಏರಿಸಿದ ಬಿಳಿ ಗಾಡಿ, ಒಳಗೊಬ್ಬ ಮುದುಕ. ಅಲ್ಲಿಯ ಅಳು ಮುಗಿಯುವ ಹೊತ್ತಿಗೆ ವಿಮಾನ ಮುಂಬಯಿ ಮುಟ್ಟಿರುತ್ತದೆ.

ನಿಜಗುಣಪ್ಪ ಏನೂ ಕೇಳದೆ ಮುಂದಿನ ಬಾಗಿಲು ತೆರೆದು ಹತ್ತಿ ಕುಳಿತ.

"ಮಾವಾ, ಇಳೀರಿ! ಇದು ಖಾಸಗಿ ಗಾಡಿ! ಮ್ಯಾನೇಜರ್ ಬೈತಾರ!"

"ಹೊಡಿಯೋ ಗಾಡಿ. ನಮ್ಮ ಅಕ್ಕಗ ನನ್ನ ಮಾರಿ ಕಾಣಲಿಲ್ಲಂದ್ರ ಆಕಿ ನಿನ್ನ ಬಿಡ್ತಾಳೇನು?"

ಅಮೋಘಸಿದ್ದಪ್ಪ ಹಿಂದೆ ನೋಡಿದ. ಸಾಹೇಬರು ರಸ್ತೆಯ ಕಡೆ ಎರಡೂ ಕೈ ಬೀಸಿ ಕೂಗಿದರು: "ಸಬ್ ಕೋ ಬಿಠಾವ್! ಸಬ್ ಕೋ! ಮೈ ಅಕೇಲಾ ನಹೀ ಬೈಠೂಂಗಾ!"

ಸಬ್ ಎಂದರೆ ಮುರಗೋಡದವರಿಗೆ ಅನುವಾದ ಬೇಕಾಗಲಿಲ್ಲ. ರಾಯವ್ವ ಒಂದು ಪಕ್ಕಕ್ಕೆ ಕುಳಿತಳು. ಆಗತಾನೆ ಎಚ್ಚರವಾದ ಶೆಟ್ಟೆವ್ವ ಬುಟ್ಟಿ ಸಮೇತ ಇನ್ನೊಂದು ಪಕ್ಕಕ್ಕೆ ಕುಳಿತಳು. ಮಾಂತೇಶ, ಅಂಗಡಿಯವನು, ಕಟ್ಟೆಯ ಮುದುಕ ಹಿಂದೆ ತುರುಕಿಕೊಂಡರು. ಗಟಾರದಿಂದ ಎದ್ದ ಭಜನಿಯ ಹಿರಿಯ ಮಾತ್ರ ತನಗೆ ಜಾಗ ಸಿಗಲಿಲ್ಲವೆಂದು ಊರಿಗೆಲ್ಲ ಬಹಳ ದಿನ ಹೇಳಿಕೊಂಡು ಅಡ್ಡಾಡಿದ. ಗ್ಲಾಸುಗಳು ಇಳಿದವು. ಅಮೋಘಸಿದ್ದಪ್ಪ ಹಾರ್ನಿನ ಮೇಲೆ ಕೈಯಿಟ್ಟವನು ಎತ್ತಲೇ ಇಲ್ಲ.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಮುಂದೆ ತಾಯವ್ವ ಹೇಳಿ ಮಾಡಿಸಿದಂತೆ ರಸ್ತೆಯ ನಡುವೆ ಕುಳಿತಿದ್ದಳು. ಸುತ್ತ ಓಣಿಯ ಹೆಂಗಸರು. ನಿಜಗುಣಪ್ಪ ಕಿಟಕಿಯಿಂದ ಎದೆಮಟ್ಟ ಹೊರಗೆ ಬಾಗಿ, ಹಸಿರು ಪಟ್ಟಿಯ ಮುಖ ಚಾಚಿ, "ಅಕ್ಕಾ! ನಾ ಸತ್ತಿಲ್ಲವಾ! ಸರೀ ಆ ಕಡೆ!" ಎಂದು ಗರ್ಜಿಸಿದ.

ಸತ್ತ ತಮ್ಮ ತಾನಾಗಿಯೇ ಬಂದು ಸತ್ತಿಲ್ಲ ಎಂದರೆ ಯಾವ ಅಕ್ಕ ನಂಬುತ್ತಾಳೆ? ದೆವ್ವ ಎಂದು ಕೂಗಿ ತಾಯವ್ವ ಎದ್ದಳು, ಎದ್ದು ಓಡಿದಳು. ವರ್ಷಗಳಿಂದ ಮೊಣಕಾಲು ಹಿಡಿದುಕೊಂಡು ಕುಳಿತವಳು ಅಷ್ಟು ಜೋರಾಗಿ ಓಡಿದ್ದನ್ನು ಓಣಿಯವರು ಅಂದೇ ಕಂಡರು. ರಸ್ತೆ ಖಾಲಿಯಾಯಿತು. ಕ್ವಾಲಿಸ್ ಗುಂಡು ಹಾರಿದಂತೆ ಹಾರಿತು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿದಾಗ ಸಾಹೇಬರ ಶಾಲು ರಾಯವ್ವನ ಕೈಯಲ್ಲಿತ್ತು, ದಿಂಬು ಮಾಂತೇಶನ ಕೊರಳಲ್ಲಿತ್ತು, ಮಾಲೆ ಮಾತ್ರ ಸಾಹೇಬರ ಕೊರಳಲ್ಲೇ ಇತ್ತು. ಅವರು ಸಾಮಾನು ಹಿಡಿದು ಒಳಗೆ ಓಡಿದರು. ಶೆಟ್ಟೆವ್ವ ರೂಢಿಯ ಮೇಲೆ ಮತ್ತೊಮ್ಮೆ ಅತ್ತಳು. ಸ್ವಲ್ಪ ಹೊತ್ತಿನಲ್ಲಿ ವಿಮಾನ ತಲೆಯ ಮೇಲೆ ಹಾದು ಹೋಯಿತು. ಅದರಲ್ಲಿ ಸಾಹೇಬರು ಇದ್ದಾರೋ ಇಲ್ಲವೋ ಎಂದು ಪೊಲೀಸಪ್ಪನನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಅಮೋಘಸಿದ್ದಪ್ಪ ನೆಲದ ಮೇಲೆ ಕುಳಿತು ಬೀಡಿ ಹಚ್ಚಿದ.

ಮರುದಿನ ಮ್ಯಾನೇಜರು ಕರೆಸಿದರು. ಅಮೋಘಸಿದ್ದಪ್ಪ ಕ್ವಾಲಿಸ್ಸನ್ನು ಕೊನೆಯ ಸಲ ತೊಳೆದು, ಮನಸ್ಸಿನಲ್ಲೇ ಟ್ರ್ಯಾಕ್ಸಿನ ಬಿಗಿ ಕ್ಲಚ್ಚನ್ನು ತುಳಿಯುತ್ತ ಗುಡ್ಡ ಹತ್ತಿದ.

"ಶಹಾ ಸಾಹೇಬರು ಮುಂಬಯಿಯಿಂದ ಫೋನ್ ಮಾಡಿದ್ರು," ಎಂದರು ಮ್ಯಾನೇಜರು. "ಜೀವನದಲ್ಲಿ ವಾಂತಿ ಬರದೇ ಗಾಡಿಯಲ್ಲಿ ಪ್ರಯಾಣ ಮಾಡಿದ್ದು ಅದೇ ಮೊದಲಂತೆ. ಹೆದರಿಕೆಗೆ ನಿಂತುಹೋಯಿತಂತೆ."

"ಹಂಗಾರ ಕೆಲಸ…?"

"ಕೆಲಸ ನಿಮ್ಮದೇ. ಆದರೆ ದಯವಿಟ್ಟು ಒಂದು ಬದಲಾವಣೆ. ಗೆಸ್ಟ್ ಜೀವಂತ ಇದ್ದಾರೆ ಅಂತ ದಾರಿಯ ಜನಕ್ಕೆ ಗೊತ್ತಾಗಬೇಕು. ಗ್ಲಾಸ್ ಇಳಿಸಿ. ಮುಂದೆ ಒಬ್ಬರು ಊರಿನ ಹಿರಿಯರು ಕೂತಿರಲಿ, ಎಲ್ಲರೂ ಗುರುತು ಹಿಡಿಯುವಂಥವರು. ಅಂಥವರು ಯಾರಾದರೂ ಇದ್ದಾರಾ?"

ಅಮೋಘಸಿದ್ದಪ್ಪ ಬಹಳ ಹೊತ್ತು ಯೋಚಿಸಿದ. ಬೇರೆ ಹೆಸರು ಹೊಳೆಯಲಿ ಎಂದು ಮನೆದೇವರಿಗೂ ಬೇಡಿಕೊಂಡ. ಹೊಳೆಯಲಿಲ್ಲ.

ಅಂದಿನಿಂದ ನಿಜಗುಣಪ್ಪ ಮುಂದಿನ ಸೀಟಿನಲ್ಲಿದ್ದಾನೆ. ಕಣ್ಣು ಎರಡೂ ಈಗ ಚೆನ್ನಾಗಿ ಕಾಣುತ್ತವೆ. ಅದರಿಂದ ಅಳಿಯ ಗೇರು ಹಾಕುವುದರಲ್ಲಿ ಮೊದಲಿಗಿಂತ ಹೆಚ್ಚು ತಪ್ಪುಗಳು ಕಾಣುತ್ತವೆ. ಗುಡ್ಡದಿಂದ ಬೆಳಗಾವಿಯವರೆಗೆ ಬಾಯಿ ಮುಚ್ಚುವುದಿಲ್ಲ. ಹಿಂದೆ ಕುಳಿತ ಸಾಹೇಬರು ಇದನ್ನು ಈ ಕಡೆಯ ಹಾಡೆಂದು ತಿಳಿದು ತಲೆದೂಗುತ್ತಾರೆ.

ಒಂದು ದಿನ ತಡೆಯಲಾರದೆ ಅಮೋಘಸಿದ್ದಪ್ಪ, "ಮಾವಾ, ಒಂದ ಅರ್ಧಾ ತಾಸರ ಸುಮ್ಮ ಕುಂದರ್ರಿ," ಎಂದ.

"ಸುಮ್ಮ ಕುಂತ್ರ ನಿನ್ನ ಕೆಲಸಾ ಹೋಕ್ಕೇತಿ, ಮಗನ. ನಾ ಇದ್ದೇನಂತ ನಡದೇತಿ ಇದು. ನಾಳೆ ನಾ ಖರೇನ ಸತ್ತ್ರ ಏನ ಮಾಡಾಂವಿದ್ದೀ?"

"ಏನ ಮಾಡೂದು? ಇದ ಸೀಟಿನ್ಯಾಗ ನೆಟ್ಟಗ ಕುಂಡ್ರಿಸಿ, ಗ್ಲಾಸ ಇಳಿಸಿ, ಜೋರ ಹಾರ್ನ್ ಹೊಡಕೋತ ಒಯ್ಯತೇನಿ. ಒಬ್ಬರೂ ಅಡ್ಡ ಬರೂದಿಲ್ಲ. ವಿಮಾನಾ ಬರೋಬ್ಬರಿ ವ್ಯಾಳ್ಯಾಕ್ಕ ಸಿಗತೇತಿ."

ನಿಜಗುಣಪ್ಪ ಆ ಮಾತನ್ನು ಬಹಳ ಹೊತ್ತು ತೂಗಿ ನೋಡಿದ. ಬೈಲಹೊಂಗಲ ದಾಟುವವರೆಗೆ ಸುಮ್ಮನಿದ್ದ. ಅಷ್ಟು ದೂರ ಅವನು ಸುಮ್ಮನಿದ್ದದ್ದು ಅದೊಂದೇ ಸಲ. ಆಮೇಲೆ ಹೇಳಿದ:

"ಆತು, ಒಯ್ಯಿ. ಆದ್ರ ಈ ಕಿಡಕ್ಯಾಗ ಮಧ್ಯಾಹ್ನ ಬಿಸಲ ಭಾಳ ಹೊಡಿತೈತಿ. ಒಂದ ಟವಲರ ಕಟ್ಟೋ."